ನಂಜಿಳಿಸುವ ನುಡಿ

ಮಾತು ಮಾನವನಿಗೆ ಶಿವನಿತ್ತ ದೊಡ್ಡ ಸಂಪತ್ತು. ಮನೆಗಳು ಕೂಡುವುದೂ ಅದರಿಂದಲೆ, ಒಡೆಯುವುದೂ ಅದರಿಂದಲೆ. ಒಂದು ನುಡಿ ಬಾಯಿಂದ ಹೊರಬಿದ್ದು ಒಡಹುಟ್ಟಿದವರನ್ನು ಹತ್ತು ವರ್ಷ ಅಗಲಿಸಬಲ್ಲುದು. ಮತ್ತೊಂದು ನುಡಿ ಅದೇ ಒಡಹುಟ್ಟಿದವರನ್ನು ಒಂದೇ ಪಂಕ್ತಿಯಲ್ಲಿ ಪ್ರಸಾದಕ್ಕೆ ಕುಳ್ಳಿರಿಸಬಲ್ಲುದು. ಮಾತಿನ ಈ ಎರಡು ಶಕ್ತಿಗಳನ್ನೂ ಚೆನ್ನಾಗಿ ಬಲ್ಲವರಾದುದರಿಂದಲೇ ನಮ್ಮ ಶರಣರು ನುಡಿಯನ್ನು ಸಾಧನೆಯ ಅಂಗವೆಂದು ಎಣಿಸಿದರು. ಮೃದುವಚನವೇ ಜಪವೆಂದೂ ತಪವೆಂದೂ ಬಸವಣ್ಣನವರು ಬೋಧಿಸಿದರು.

ಈ ತಿಂಗಳ ಪಾಠದಲ್ಲಿ ಕನ್ನಡದ ಕೆಲವು ಶಬ್ದಗಳನ್ನು ವಿಚಾರಿಸೋಣ. ಕಾದ ಮನಸ್ಸು ತಂಪಾಗುವುದನ್ನೂ ಏರಿದ ನಂಜು ಇಳಿಯುವುದನ್ನೂ ಅಪಾಯಕರವಾದುದು ನಿರಪಾಯವಾಗುವುದನ್ನೂ ಹೇಳುವ ಶಬ್ದಗಳಿವು. ಇವು ನಿತ್ಯವೂ ನಮ್ಮ ನಾಲಗೆಯ ಮೇಲೆ ಆಡುವ ಮಾತುಗಳೇ ಆಗಿದ್ದರೂ, ಅವುಗಳ ಒಳಗೆ ಎಂತಹ ವಿವೇಕವು ಅಡಗಿದೆಯೆಂಬುದನ್ನು ನಾವು ನಿಂತು ನೋಡುವುದಿಲ್ಲ. ವಚನಗಳು ಸದ್ಭಕ್ತರಿಗೆ ನಿತ್ಯಪಾರಾಯಣದಿಂದ ಪರಿಚಿತವಾಗಿರುವುದರಿಂದ ಇಲ್ಲಿ ಅವುಗಳ ಭಾವವನ್ನಷ್ಟೆ ಎತ್ತಿಕೊಳ್ಳಲಾಗಿದೆ.

1. ಬೇನೆಯ ಹೆಸರು, ಮದ್ದಿನ ಹೆಸರು

ಕನ್ನಡದಲ್ಲಿ ಮನಸ್ಸಿನ ಕ್ಷೋಭೆಗೆ ಒಂದೇ ಹೆಸರಿಲ್ಲ. ಸಿಟ್ಟು ನೆತ್ತಿಗೆ ಏರಿತು ಎನ್ನುತ್ತೇವೆ. ಏರಿದ್ದಕ್ಕೆ ಇಳಿಯುವುದೇ ಪರಿಹಾರ. ಜ್ವರ ಇಳಿಯಿತು, ಹೊಳೆ ಇಳಿಯಿತು, ಅಮಲು ಇಳಿಯಿತು, ನಂಜು ಇಳಿಯಿತು ಎಂಬಲ್ಲೆಲ್ಲ ಈ ಕ್ರಿಯಾಪದವೇ ಉಂಟು. ಮನಸ್ಸು ಕದಡಿತು ಎನ್ನುತ್ತೇವೆ, ಕದಡಿದ್ದು ತಿಳಿಯಾಗಬೇಕು. ಮನೆಯಲ್ಲಿ ಬಿಗುವು ಬಂದಿದೆ ಎನ್ನುತ್ತೇವೆ, ಬಿಗಿದದ್ದು ಸಡಿಲಬೇಕು. ಹೊಟ್ಟೆ ಉರಿಯಿತು ಎನ್ನುತ್ತೇವೆ, ಉರಿದದ್ದು ನಂದಬೇಕು. ಒಂದೊಂದು ಬೇನೆಗೆ ಒಂದೊಂದು ಮದ್ದನ್ನು ನಮ್ಮ ಹಿರಿಯರು ಭಾಷೆಯೊಳಗೇ ಇಟ್ಟುಹೋಗಿದ್ದಾರೆ.

‘ಆರು’ ಎಂಬ ಧಾತುವನ್ನು ನೋಡಿರಿ. ಹಳಗನ್ನಡದಲ್ಲಿ ಇದನ್ನು ಶಕಟರೇಫದಿಂದ ಬರೆಯುತ್ತಿದ್ದರು. ದೀಪ ಆರುತ್ತದೆ, ಒದ್ದೆ ಬಟ್ಟೆ ಆರುತ್ತದೆ, ಕಾಯಿಸಿದ ಹಾಲು ಆರುತ್ತದೆ, ಹುಣ್ಣು ಆರುತ್ತದೆ. ದಾರಿ ನಡೆದು ಬಂದವನು ಮರದ ನೆರಳಿನಲ್ಲಿ ದಣಿವಾರಿಸಿಕೊಳ್ಳುತ್ತಾನೆ. ಬೆಂಕಿ, ನೀರು, ನೋವು, ದಣಿವು ಇವೆಲ್ಲಕ್ಕೂ ಒಂದೇ ಶಬ್ದವೇಕೆ? ಇವೆಲ್ಲವೂ ಕಾಲವನ್ನು ಬೇಡುತ್ತವೆ ಎಂಬುದು ಕಾರಣವೆಂದು ತೋರುತ್ತದೆ. ಆರುವುದನ್ನು ಅವಸರಪಡಿಸಲು ಬಾರದು. ಹಾಲಿಗೆ ಹೆಪ್ಪು ಹಾಕುವ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದು; ಉಗುರುಬೆಚ್ಚಗಾಗುವ ತನಕ ಕಾಯಬೇಕು. ಕೋಪದಿಂದ ಕುದಿಯುವವನಿಗೆ ಆ ಗಳಿಗೆಯಲ್ಲಿಯೇ ಹೇಳುವ ಬುದ್ಧಿವಾದವೂ ಅದೇ ರೀತಿ ವ್ಯರ್ಥವಾಗುತ್ತದೆ. ಬುದ್ಧಿ ಒಳ್ಳೆಯದೇ, ಹೊತ್ತು ತಪ್ಪಿತು.

‘ತಣಿ’ ಎಂಬುದು ಇನ್ನೊಂದು. ತಂಪಾಗುವುದೂ ತೃಪ್ತಿಯಾಗುವುದೂ ಎರಡೂ ಇದರ ಅರ್ಥಗಳೇ. ಹಸಿದವನು ಉಂಡು ತಣಿಯುತ್ತಾನೆ, ಬೇಸಗೆಯ ನೆಲ ಮಳೆಯಿಂದ ತಣಿಯುತ್ತದೆ. ಎಷ್ಟೋ ಕೋಪಗಳ ಬುಡದಲ್ಲಿ ಒಂದು ಹಸಿವು ಇರುತ್ತದೆಂಬುದನ್ನು ಈ ಶಬ್ದವು ಸೂಚಿಸುತ್ತದೆ. ಮನ್ನಣೆಯ ಹಸಿವು, ಪ್ರೀತಿಯ ಹಸಿವು, ನ್ಯಾಯದ ಹಸಿವು. ಅದಕ್ಕೆ ಉಣಿಸು ದೊರೆತಲ್ಲದೆ ಆ ಕೋಪವು ತಣಿಯದು.

ಸಂಸ್ಕೃತದ ಉದ್ವೇಗ, ಉದ್ವಿಗ್ನ ಎಂಬ ಶಬ್ದಗಳು ನಡುಗುವುದು ಎಂಬ ಅರ್ಥದ ‘ವಿಜ್’ ಧಾತುವಿನಿಂದ ಬಂದವು. ಶಮ, ಶಮನ, ಉಪಶಮ, ಶಾಂತಿ ಎಂಬವು ‘ಶಮ್’ ಧಾತುವಿನವು. ಸಮಾಧಾನವೆಂದರೆ ಚೆದರಿದುದನ್ನು ಚೆನ್ನಾಗಿ ಒಂದೆಡೆ ಇರಿಸುವುದು. ಸಮಾಧಿಯೆಂಬ ಶಬ್ದವೂ ಅದೇ ಧಾತುವಿನದು. ಶಾಸ್ತ್ರಗ್ರಂಥಗಳಲ್ಲಿ ಆಕ್ಷೇಪಕ್ಕೆ ಕೊಡುವ ಉತ್ತರಕ್ಕೂ ಸಮಾಧಾನವೆಂದೇ ಹೆಸರು. ಉತ್ತರ ದೊರೆಯದ ಪ್ರಶ್ನೆಯೇ ಮನಸ್ಸನ್ನು ಚೆದರಿಸುವುದೆಂಬ ತತ್ತ್ವವು ಇದರಲ್ಲಿದೆ.

ಈ ವಿಚಾರದಿಂದ ಗೃಹಸ್ಥನಿಗೆ ದೊರೆಯುವ ಮೊದಲ ಪಾಠವೇನೆಂದರೆ, ಮದ್ದು ಕೊಡುವ ಮೊದಲು ಬೇನೆಯನ್ನು ಗುರುತಿಸಬೇಕು. ನಾನು ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಒಂದು ಊರಿನಲ್ಲಿ ಅಣ್ಣತಮ್ಮಂದಿರಿಬ್ಬರಿಗೆ ಒಂದೇ ಬಾವಿ. ನೀರಿನ ಸರದಿಯ ಸಲುವಾಗಿ ಜಗಳ ಹತ್ತಿ, ಮಾತು ನಿಂತು, ಕೋರ್ಟಿಗೆ ಹೋಗುವ ಮಟ್ಟಕ್ಕೆ ಬಂದಿತು. ಪಂಚರು ಮೂರು ಸಲ ಕುಳಿತು, ಯಾರಿಗೆ ಯಾವ ವಾರ, ಎಷ್ಟು ತಾಸು ನೀರು ಎಂಬುದನ್ನು ಕಾಗದದ ಮೇಲೆ ಬರೆದುಕೊಟ್ಟರು. ಲೆಕ್ಕ ತಿಳಿಯಾಯಿತು, ಮನಸ್ಸು ತಿಳಿಯಾಗಲಿಲ್ಲ. ನಾಲ್ಕನೆಯ ಸಲ ಮಠದ ಹಿರಿಯರೊಬ್ಬರು ತಮ್ಮನನ್ನು ಒಬ್ಬನನ್ನೇ ಕೂಡಿಸಿಕೊಂಡು, ‘ನೀರಿನ ಮಾತು ಇರಲಿ, ನಿನಗೆ ನೋವಾದದ್ದು ಯಾವಾಗ?’ ಎಂದು ಕೇಳಿದರು. ಆಗ ಹೊರಬಿದ್ದ ಮಾತು ಬೇರೆಯೇ ಇತ್ತು. ತಾಯಿಯ ಶಿವಗಣಾರಾಧನೆಯ ದಿನ ಅಣ್ಣನು ಊರಿಗೆಲ್ಲ ಹೇಳಿ ಕಳಿಸಿ, ತಮ್ಮನ ಮನೆಗೆ ಆಳಿನ ಕೈಯಲ್ಲಿ ಹೇಳಿ ಕಳಿಸಿದ್ದನು. ‘ಅವ್ವ ನನಗೂ ಅವ್ವನೇ ಆಗಿದ್ದಳಲ್ಲ’ ಎಂದು ಐವತ್ತು ವರ್ಷದ ಆ ಮನುಷ್ಯ ಅತ್ತುಬಿಟ್ಟನು. ಪಂಚರು ಕದಡಿದ ನೀರಿಗೆ ಮದ್ದು ಹಾಕುತ್ತಿದ್ದರು. ಇದ್ದದ್ದು ಆರದ ಹುಣ್ಣು. ಮರುದಿನ ಅಣ್ಣನು ತಾನೇ ನಡೆದು ಹೋಗಿ, ‘ತಮ್ಮಾ, ನಾನು ಬಂದು ಕರೆಯಬೇಕಾಗಿತ್ತು, ತಪ್ಪಾಯಿತು, ಏಳು, ಮನೆಗೆ ನಡೆ’ ಎಂದನು. ಬಾವಿಯ ಸರದಿಯ ಕಾಗದವನ್ನು ಆ ಮೇಲೆ ಯಾರೂ ತೆಗೆದು ನೋಡಲಿಲ್ಲ.

2. ಬೂದಿ ಮುಚ್ಚಿದ ಕೆಂಡ ಮತ್ತು ವಿಭೂತಿ

ಎರಡನೆಯ ವಿಚಾರ, ಅಡಗಿಸುವುದು ಬೇರೆ, ಆರಿಸುವುದು ಬೇರೆ ಎಂಬುದು. ಹಲವು ಮನೆಗಳಲ್ಲಿ ಶಾಂತಿಯೆಂದು ತೋರುವುದು ಕೇವಲ ಮೌನವಾಗಿರುತ್ತದೆ. ಮಾವನ ಎದುರಿನಲ್ಲಿ ಅಳಿಯ ಮಾತನಾಡುವುದಿಲ್ಲ, ಅತ್ತೆಯ ಎದುರಿನಲ್ಲಿ ಸೊಸೆ ತಲೆಯೆತ್ತುವುದಿಲ್ಲ. ಹೊರಗಿನವರು ಬಹಳ ಒಳ್ಳೆಯ ಮನೆತನ ಎನ್ನುತ್ತಾರೆ. ಇಂತಹ ಸ್ಥಿತಿಗೆ ನಮ್ಮ ಜನ ಇಟ್ಟ ಹೆಸರು ಬೂದಿ ಮುಚ್ಚಿದ ಕೆಂಡ. ಹಿಂದೆ ಮನೆಮನೆಯಲ್ಲಿಯೂ ರಾತ್ರಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದರು. ಮುಚ್ಚುತ್ತಿದ್ದುದು ಬೆಂಕಿ ಆರಲೆಂದಲ್ಲ, ಉಳಿಯಲೆಂದು. ಬೆಳಗ್ಗೆ ಒಂದು ಸಲ ಊದಿದರೆ ಸಾಕು, ಕೆಂಡವು ಮತ್ತೆ ಕಣ್ಣು ತೆರೆಯುತ್ತಿತ್ತು. ಅದುಮಿಟ್ಟ ಕೋಪದ ಗತಿಯೂ ಇಷ್ಟೆ. ಬೂದಿ ಹಾಕಿದವನು ಅದನ್ನು ಕಾಪಾಡಿದನು.

ಈಗ ನಮ್ಮ ಹಣೆಯ ಮೇಲಿನ ವಿಭೂತಿಯನ್ನು ನೆನೆಯಿರಿ. ಅದೂ ಬೂದಿಯೇ. ಆದರೆ ಅದರಲ್ಲಿ ಕೆಂಡವಿಲ್ಲ. ಸುಡಬೇಕಾದುದೆಲ್ಲ ಸುಟ್ಟು, ಬೆಂಕಿಯ ಕೆಲಸ ಮುಗಿದು, ಬಿಸಿ ಹೋಗಿ, ಮಗುವಿನ ಹಣೆಗೂ ಹಚ್ಚಬಹುದಾದಷ್ಟು ತಣ್ಣಗಾದ ಬೂದಿ ಅದು. ಗೋಮಯವು ಉರಿದ ಮೇಲೆ ಉಳಿದುದು. ಅಷ್ಟಾವರಣಗಳಲ್ಲಿ ಒಂದಾದ ಈ ಭಸ್ಮವನ್ನು ದಿನವೂ ಧರಿಸುವ ಲಿಂಗವಂತನು, ಹಣೆಯ ಮೇಲೆ ಕೆಂಡವಿಲ್ಲದ ಬೂದಿಯನ್ನು ಹಚ್ಚಿಕೊಂಡು ಎದೆಯೊಳಗೆ ಬೂದಿ ಮುಚ್ಚಿದ ಕೆಂಡವನ್ನು ಇಟ್ಟುಕೊಂಡರೆ, ಹೊರಗಿನ ಲಾಂಛನಕ್ಕೂ ಒಳಗಿನ ನಡೆಗೂ ಹೊಂದಿಕೆಯೆಲ್ಲಿ?

ಬಸವಣ್ಣನವರು ಕೋಪವನ್ನು ಮನೆಯೊಳಗಿನ ಬೆಂಕಿಗೆ ಹೋಲಿಸಿದುದನ್ನು ಎಲ್ಲರೂ ಬಲ್ಲರು. ಅದು ನೆರೆಮನೆಯನ್ನು ಮುಟ್ಟುವ ಮೊದಲು ತಾನು ಹುಟ್ಟಿದ ಮನೆಯನ್ನೇ ಸುಡುತ್ತದೆಂಬುದು ಅವರ ಬೋಧೆ. ಮೈಯ ಕೋಪದಿಂದ ಹಿರಿತನ ಹೋಗುತ್ತದೆ, ಮನದ ಕೋಪದಿಂದ ಅರಿವು ಹೋಗುತ್ತದೆ ಎಂದು ಅವರು ನಷ್ಟವನ್ನು ಎರಡಾಗಿ ವಿಂಗಡಿಸಿದ್ದಾರೆ. ಮೈಯ ಕೋಪವೆಂದರೆ ಕೈಯೆತ್ತುವುದು, ಕೂಗಾಡುವುದು. ಅದನ್ನು ಬಿಗಿಹಿಡಿದವನು ಹಿರಿತನವನ್ನು ಉಳಿಸಿಕೊಂಡಾನು. ಮನದಲ್ಲಿ ಅದನ್ನು ಸಾಕಿಕೊಂಡರೆ ಅರಿವನ್ನು ಕಳೆದುಕೊಳ್ಳುವುದು ತಪ್ಪದು. ಸಪ್ತಶೀಲವೆಂದು ನಾವು ಕರೆಯುವ ವಚನದಲ್ಲಿ ಕಳವು, ಕೊಲೆ, ಹುಸಿ ಇವುಗಳ ಸಾಲಿನಲ್ಲಿಯೇ ಮುನಿಸನ್ನೂ ಅವರು ಇಟ್ಟಿರುವುದು ಇದೇ ಕಾರಣದಿಂದ. ಅಂತರಂಗಶುದ್ಧಿ ಬಹಿರಂಗಶುದ್ಧಿಗಳೆರಡನ್ನೂ ಆ ವಚನವು ಒಂದೇ ಆಚರಣೆಯಲ್ಲಿ ಕೂಡಿಸುತ್ತದೆ.

ಅಡಗು ಎಂಬ ಶಬ್ದವನ್ನು ಶರಣರು ಇನ್ನೊಂದು ಅರ್ಥದಲ್ಲಿಯೂ ಬಳಸುವರೆಂಬುದನ್ನು ಇಲ್ಲಿ ಹೇಳಬೇಕು. ಅಂಗವು ಲಿಂಗದಲ್ಲಿ ಅಡಗುವುದೆಂದರೆ ಬಚ್ಚಿಟ್ಟುಕೊಳ್ಳುವುದಲ್ಲ, ಒಂದಾಗುವುದು. ಹೊಳೆ ಸಮುದ್ರದಲ್ಲಿ ಅಡಗಿದರೆ ಮತ್ತೆ ಹೊಳೆಯಾಗಿ ಮೇಲೇಳುವುದಿಲ್ಲ. ಆದುದರಿಂದ ಸಿಟ್ಟನ್ನು ಅಡಗಿಸುವಾಗ ಎಲ್ಲಿ ಅಡಗಿಸುತ್ತೇವೆಂಬುದೇ ಮುಖ್ಯ. ಎದೆಯ ಮೂಲೆಯಲ್ಲಿ ಅಡಗಿಸಿದರೆ ಕೆಂಡ, ಲಿಂಗದಲ್ಲಿ ಅಡಗಿಸಿದರೆ ವಿಭೂತಿ.

3. ಹಾವಿನ ಹಲ್ಲು

ಅಪಾಯಕರವಾದುದನ್ನು ನಿರಪಾಯಗೊಳಿಸುವ ಬಗೆಯನ್ನು ಅಕ್ಕಮಹಾದೇವಿಯವರು ಒಂದು ವಚನದಲ್ಲಿ ಅತ್ಯಂತ ಸ್ಪಷ್ಟವಾಗಿ ತೋರಿದ್ದಾರೆ. ಹಾವಿನ ಹಲ್ಲನ್ನು ಕಳೆದು ಆಡಿಸಬಲ್ಲವರಿಗೆ ಹಾವಿನ ಸಹವಾಸವೂ ಒಳ್ಳೆಯದೇ ಎಂಬುದು ಅದರ ದೃಷ್ಟಾಂತ. ಕಾಯದ ಸಂಗವನ್ನು ವಿವೇಚಿಸಿ ನಡೆಯಬಲ್ಲವರಿಗೆ ಕಾಯದ ಸಂಗವೂ ಒಳ್ಳೆಯದೇ ಎಂಬುದು ದಾರ್ಷ್ಟಾಂತಿಕ. ಕಾಯದ ವಿಕಾರವನ್ನು ಅವರು ರಾಕ್ಷಸಿಯಾಗಿ ಮಾರ್ಪಟ್ಟ ತಾಯಿಗೆ ಹೋಲಿಸುತ್ತಾರೆ. ಆದರೂ ಕಾಯವನ್ನು ಕೊಲ್ಲಬೇಕೆಂದು ಹೇಳುವುದಿಲ್ಲ.

ಇಲ್ಲಿ ನಾಲ್ಕು ದಾರಿಗಳಿವೆ. ಹಾವನ್ನು ಕೊಲ್ಲುವುದು ಒಂದು. ಹೆದರಿ ಓಡುವುದು ಒಂದು. ಅದರ ಹಲ್ಲಿರುವಂತೆಯೇ ಮುದ್ದಾಡುವುದು ಒಂದು. ಈ ಮೂರರಲ್ಲಿಯೂ ನಾಶವಿದೆ ಇಲ್ಲವೆ ಭಯವಿದೆ. ಅಕ್ಕನು ತೋರುವ ನಾಲ್ಕನೆಯ ದಾರಿಯಲ್ಲಿ ಹಾವು ಬದುಕಿದೆ, ಆಡಿಸುವವನೂ ಬದುಕಿದ್ದಾನೆ. ಹೋದದ್ದು ಹಲ್ಲಿನ ಕೇಡು ಮಾತ್ರ. ಶರಣಧರ್ಮವು ಸಂಸಾರಿಗಳ ಧರ್ಮವಾದದ್ದು ಈ ದಾರಿಯಿಂದ. ಹೆಂಡತಿ ಮಕ್ಕಳು, ಹೊಲ ಮನೆ, ಹಣ ಅಧಿಕಾರ ಇವೆಲ್ಲ ಇದ್ದೂ ಇವುಗಳ ನಂಜು ಏರದಂತೆ ಬಾಳಬೇಕು. ಸಿರಿಯ ನಂಜನ್ನು ಕುರಿತು ಬಸವಣ್ಣನವರ ಬೋಧೆಯನ್ನೂ ಇಲ್ಲಿ ನೆನೆಯಬಹುದು. ಹಾವು ಕಚ್ಚಿದವರನ್ನಾದರೂ ಮಾತನಾಡಿಸಬಹುದು, ಸಿರಿಯ ಮದ ಏರಿದವರನ್ನು ಮಾತನಾಡಿಸಲಾಗದು. ಬಡತನವೆಂಬ ಮಂತ್ರವಾದಿ ಬಂದಾಗ ಅವರು ತಾವಾಗಿ ಮಾತನಾಡುವರೆಂಬುದು ಅದರ ತಾತ್ಪರ್ಯ. ದಾಸೋಹವು ಆ ಮಂತ್ರವಾದಿ ಬರುವ ಮುಂಚೆಯೇ ನಾವಾಗಿ ಸಿರಿಯ ಹಲ್ಲನ್ನು ಕಳೆಯುವ ಉಪಾಯವೆಂದು ನಾನು ಅರ್ಥಮಾಡುತ್ತೇನೆ.

ದೃಷ್ಟಾಂತವನ್ನು ಇನ್ನೂ ಆಳವಾಗಿ ನೋಡಿದರೆ ಮತ್ತೊಂದು ಸೂಕ್ಷ್ಮವುಂಟು. ಹಾವಿನ ವಿಷದ ಹಲ್ಲು ಒಮ್ಮೆ ಕಿತ್ತರೆ ಶಾಶ್ವತವಾಗಿ ಹೋಗುವುದಿಲ್ಲ. ಅದರ ಹಿಂದೆ ಬೇರೆ ಹಲ್ಲುಗಳು ಸಿದ್ಧವಾಗುತ್ತಿದ್ದು, ಕೆಲವು ವಾರಗಳಲ್ಲಿಯೇ ಹೊಸ ಹಲ್ಲು ಬಂದು ನಿಲ್ಲಬಲ್ಲುದು. ಹಾವಾಡಿಗನು ಇದನ್ನು ಮರೆತ ದಿನ ಅವನ ಪ್ರಾಣಕ್ಕೆ ಅಪಾಯ. ಕೋಪ, ಲೋಭ, ಮತ್ಸರಗಳ ಹಲ್ಲೂ ಹಾಗೆಯೇ ಚಿಗುರುತ್ತದೆ. ನಾನು ಹೋದ ವರ್ಷವೇ ಕೋಪವನ್ನು ಬಿಟ್ಟೆನೆಂದು ಹೇಳಿಕೊಳ್ಳುವವನು ತನ್ನ ಬುಟ್ಟಿಯನ್ನು ಮತ್ತೊಮ್ಮೆ ತೆರೆದು ನೋಡಲಿ. ಇಷ್ಟಲಿಂಗಪೂಜೆಯು ವಾರಕ್ಕೊಮ್ಮೆಯ ವಿಧಿಯಾಗಿರದೆ ನಿತ್ಯವಿಧಿಯಾಗಿರುವುದಕ್ಕೆ ಇದೊಂದು ಕಾರಣವೆಂದು ತಿಳಿಯಬಹುದು.

ಹಾವಿನ ಪ್ರಸ್ತಾಪ ಬಂದುದರಿಂದ ಎರಡು ಮಾತುಗಳನ್ನು ಸ್ಪಷ್ಟಪಡಿಸುವುದು ಉಪಾಧ್ಯಾಯನ ಕರ್ತವ್ಯ. ಹಾವಿನ ಹಲ್ಲು ಕೀಳುವುದು ಇಲ್ಲಿ ದೃಷ್ಟಾಂತ ಮಾತ್ರ. ಜೀವಕ್ಕೆ ಅದು ಹಿಂಸೆ, ಮತ್ತು ಹಾವುಗಳನ್ನು ಹಿಡಿದು ಆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಎರಡನೆಯದಾಗಿ, ಹಾವು ಕಚ್ಚಿದವರನ್ನು ಮಂತ್ರ ಹಾಕಿಸಲು ಒಯ್ದು ಹೊತ್ತು ಕಳೆಯಬಾರದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಪ್ರತಿವಿಷದ ಔಷಧವುಂಟು. ಕಚ್ಚಿದವರನ್ನು ಓಡಾಡಿಸದೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಆ ಔಷಧದ ಹುಟ್ಟೂ ವಿಚಾರಾರ್ಹವಾಗಿದೆ. ವಿಷವನ್ನು ಅತ್ಯಲ್ಪ ಪ್ರಮಾಣದಿಂದ ಮೊದಲುಮಾಡಿ ಕುದುರೆಗೆ ಚುಚ್ಚುತ್ತ ಬಂದರೆ, ಅದರ ರಕ್ತದಲ್ಲಿ ವಿಷವನ್ನು ಎದುರಿಸುವ ಶಕ್ತಿ ಹುಟ್ಟುತ್ತದೆ. ವಿಷವನ್ನು ಸಹಿಸಿ ಗೆದ್ದ ಜೀವವೇ ಮತ್ತೊಬ್ಬರ ವಿಷಕ್ಕೆ ಮದ್ದಾಗುತ್ತದೆ.

ಇಷ್ಟು ದೂರ ಹೋಗಲೇಕೆ? ಅಡಿಗೆಯ ಮನೆಯಲ್ಲಿಯೇ ಇದರ ನಿದರ್ಶನವಿದೆ. ಕೆಸುವಿನ ಎಲೆಯಲ್ಲಿ ಸೂಜಿಯಂತಹ ಅತಿಸೂಕ್ಷ್ಮ ಹರಳುಗಳಿದ್ದು, ಬರಿದೆ ತಿಂದರೆ ಬಾಯಿ ಗಂಟಲು ತುರಿಸುತ್ತವೆ. ನಮ್ಮ ತಾಯಂದಿರು ಅದನ್ನು ಎಸೆಯುವುದಿಲ್ಲ. ಹುಣಸೆಯ ಹುಳಿ ಹಾಕಿ ಚೆನ್ನಾಗಿ ಬೇಯಿಸಿ ತುರಿಕೆಯನ್ನು ಮುರಿಯುತ್ತಾರೆ. ವೈದ್ಯರು ಕಾಸರಕದ ಬೀಜವನ್ನು ಗೋಮೂತ್ರದಲ್ಲಿ ನೆನೆಸಿ, ಹಾಲಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ತುಪ್ಪದಲ್ಲಿ ಹುರಿದು ಶುದ್ಧಿಮಾಡುತ್ತಾರೆ; ಹಾಗೆ ಸಂಸ್ಕಾರಗೊಂಡ ವಿಷವು, ಅರಿತವರ ಕೈಯಲ್ಲಿ ಮಾತ್ರ, ಔಷಧವಾಗುತ್ತದೆ. ಕಹಿ ಮನುಷ್ಯನನ್ನು ಮನೆಯಿಂದ ಎಸೆಯುವ ಮೊದಲು, ಅವನಿಗೆ ಬೇಕಾದ ಸಂಸ್ಕಾರವನ್ನು ನಾವು ಕೊಟ್ಟಿದ್ದೇವೆಯೆ ಎಂದು ಕೇಳಿಕೊಳ್ಳಬೇಕು.

4. ನಂಜುಂಡನ ಕಂಠ

ವಿಷವೆಂಬ ಸಂಸ್ಕೃತಶಬ್ದಕ್ಕೆ ವ್ಯಾಪಿಸುವುದು ಎಂದು ಧಾತ್ವರ್ಥ ಹೇಳುವರು. ಒಂದೆಡೆ ಬಿದ್ದು ಎಲ್ಲೆಡೆ ಹರಡುವುದೇ ಅದರ ಸ್ವಭಾವ. ಕನ್ನಡದಲ್ಲಿ ಅದಕ್ಕೆ ನಂಜು ಎಂದು ಹೆಸರು. ಆ ನಂಜನ್ನು ಉಂಡ ದೇವನು ನಂಜುಂಡ. ಕಪಿಲಾ ನದಿಯ ದಂಡೆಯ ನಂಜನಗೂಡಿನಲ್ಲಿ ಆತನನ್ನು ಶ್ರೀಕಂಠೇಶ್ವರನೆಂದೂ ಕರೆಯುವರು. ರೋಗಪರಿಹಾರವನ್ನು ಬೇಡಿ ಹರಕೆ ಹೊರುವ ಭಕ್ತರು ಅಲ್ಲಿಗೆ ಬರುವುದು ಬಹುಕಾಲದ ರೂಢಿ. ನಂಜುಂಡಪ್ಪ, ನಂಜಮ್ಮ ಎಂಬ ಹೆಸರುಗಳು ನಮ್ಮ ಎಷ್ಟೋ ಮನೆಗಳಲ್ಲಿವೆ. ವಿಷದ ಹೆಸರನ್ನು ಮಗುವಿಗೆ ಇಡುವಷ್ಟು ಧೈರ್ಯ ಈ ಜನಕ್ಕೆ ಬಂದುದು, ಶಿವನ ಸಂಬಂಧದಿಂದ ಆ ಶಬ್ದದ ಭಯವೇ ಇಳಿದುಹೋದುದರಿಂದ.

ಸಮುದ್ರಮಥನದ ಪುರಾಣವನ್ನು ಎಲ್ಲರೂ ಕೇಳಿದವರೇ. ಹಾಲಾಹಲವು ಎದ್ದಾಗ ದೇವದಾನವರು ಓಡಿದರು. ಶಿವನು ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡನು. ನುಂಗಿದ್ದರೆ ಒಳಗಿನ ಲೋಕಗಳು ಬೇಯುತ್ತಿದ್ದವು, ಉಗುಳಿದ್ದರೆ ಹೊರಗಿನ ಲೋಕಗಳು ಬೇಯುತ್ತಿದ್ದವು. ಆತನು ಕಂಠದಲ್ಲಿ ನಿಲ್ಲಿಸಿದನು. ಗೃಹಸ್ಥರಿಗೆ ಈ ಪುರಾಣದಲ್ಲಿ ದೊಡ್ಡ ಉಪದೇಶವಿದೆ. ಮಾತು ಹುಟ್ಟುವ ಸ್ಥಾನವೂ ಕಂಠವೇ. ಸಂಜೆ ಮನೆಗೆ ಬಂದ ಯಜಮಾನನ ಕಿವಿಯಲ್ಲಿ ಒಬ್ಬರು ಮತ್ತೊಬ್ಬರ ಮೇಲಿನ ದೂರನ್ನು ಹಾಕುತ್ತಾರೆ. ಅದನ್ನು ನುಂಗಿ ಎದೆಯಲ್ಲಿಟ್ಟುಕೊಂಡರೆ ಅವನು ಒಳಗೇ ಬೇಯುತ್ತಾನೆ. ಆ ಕ್ಷಣವೇ ಉಗುಳಿದರೆ ಮನೆಯೆಲ್ಲ ಬೇಯುತ್ತದೆ. ಕೇಳಿದ ಮಾತನ್ನು ಕಂಠದಲ್ಲಿ ನಿಲ್ಲಿಸಿ, ಒಂದು ರಾತ್ರಿ ಕಳೆದು, ಬೆಳಗಿನ ಲಿಂಗಪೂಜೆಯಾದ ಮೇಲೆ, ಆಡಬೇಕಾದ ಮಾತು ಎಷ್ಟು ಎಂಬುದನ್ನು ಅಳೆದು ಆಡುವವನೇ ನಂಜುಂಡನ ಭಕ್ತನು. ಹೀಗೆ ತಡೆದುನಿಲ್ಲಿಸಿದ್ದು ವಿಷವಾದರೂ ಶಿವನ ಕೊರಳಿಗೆ ಅದು ಭೂಷಣವಾಯಿತೆಂಬುದನ್ನು ಮರೆಯಬಾರದು.

5. ಸೊನ್ನಲಿಗೆಯ ಪ್ರಸಂಗ

ತನ್ನ ಕೋಪವನ್ನು ತಾನು ಆರಿಸಿಕೊಳ್ಳುವುದಾಯಿತು. ಎದುರಿನವರ ಕೋಪವನ್ನು ಇಳಿಸುವುದು ಹೇಗೆ? ಇದಕ್ಕೆ ಶೂನ್ಯಸಂಪಾದನೆಯ ಸಿದ್ಧರಾಮಯ್ಯಗಳ ಪ್ರಸಂಗವು ಉತ್ತಮ ಪಾಠ. ಇಂದು ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಅಲ್ಲಿ ಸಿದ್ಧರಾಮರು ಸಾವಿರಾರು ಜನರನ್ನು ಕೂಡಿಸಿಕೊಂಡು ಕೆರೆ ಕಟ್ಟಿಸುವ, ದೇವಾಲಯ ಎತ್ತಿಸುವ ಲೋಕೋಪಕಾರದಲ್ಲಿ ಮಗ್ನರಾಗಿದ್ದರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಕೇವಲ ಮಣ್ಣುಕೆಲಸದ ಒಡ್ಡನೆಂದು ಅವರನ್ನು ಕರೆದರು. ಗುರುವಿನ ನಿಂದೆಯನ್ನು ಸಹಿಸದ ಕೆಲಸಗಾರರು ಕಲ್ಲು ಬೀರಿದರು. ಸಿದ್ಧರಾಮರೂ ಕೆರಳಿ ಬಂದರು. ಅವರ ಹಣೆಗಣ್ಣಿನ ಉರಿ ಹೊರಟರೂ ಪ್ರಭುವನ್ನು ಸುಡಲಾರದೆ ಹೋಯಿತೆಂದು ಕಥೆ.

ಉರಿಯು ಏಕೆ ಸುಡಲಿಲ್ಲ? ಪ್ರಭುವಿನಲ್ಲಿ ಅದಕ್ಕೆ ಉರುವಲಿರಲಿಲ್ಲ. ಬಯ್ದವನನ್ನು ತಿರುಗಿ ಬಯ್ಯುವುದೆಂದರೆ ಅವನ ಬೆಂಕಿಗೆ ನಮ್ಮ ಕಟ್ಟಿಗೆಯನ್ನು ಒಟ್ಟುವುದು. ಪ್ರಭುಗಳು ಕಟ್ಟಿಗೆ ಒಟ್ಟಲಿಲ್ಲ, ಓಡಿಯೂ ಹೋಗಲಿಲ್ಲ, ನಿಂತರು. ಉರಿಯ ರಭಸ ಇಳಿದ ಮೇಲೆ ಅರಿವಿನ ಮಾತನ್ನು ಆಡಿದರು. ಕೊನೆಗೆ ಸಿದ್ಧರಾಮರು ಪ್ರಭುಗಳೊಡನೆ ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆಯನ್ನು ಪಡೆದರು. ಕೋಪಗೊಂಡವನು ಕೆಟ್ಟವನಾಗಿರಬೇಕೆಂದಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಸಿದ್ಧರಾಮರಂತಹ ಶಿವಯೋಗಿಗೂ ತಾನು ಮಾಡಿದ ಒಳ್ಳೆಯ ಕೆಲಸದ ಅಭಿಮಾನವೇ ಉರುವಲಾಯಿತು. ನಮ್ಮ ಮನೆಗಳಲ್ಲಿಯೂ ಬಹಳ ದುಡಿದವರೇ ಬಹಳ ಸಿಟ್ಟಿಗೇಳುವರು. ಅವರ ದುಡಿಮೆಯನ್ನು ಮನ್ನಿಸಿ ಎರಡು ಮಾತು ಹೇಳಿದರೆ ಅರ್ಧ ಉರಿ ಅಲ್ಲಿಯೇ ತಣಿಯುತ್ತದೆ.

6. ಒಂದು ಆಕ್ಷೇಪ, ಅದಕ್ಕೆ ಸಮಾಧಾನ

ಮಠದಲ್ಲಿ ಈ ವಿಷಯವನ್ನು ಪಾಠ ಹೇಳುವಾಗ ಒಬ್ಬ ತಾಯಿ ಎದ್ದು ನಿಂತು ಕೇಳಿದರು: ‘ಗುರುಗಳೆ, ಸಿಟ್ಟು ಮಾಡಬೇಡ, ಸಹಿಸು, ತಣ್ಣಗಿರು ಎಂದು ಎಲ್ಲರೂ ನಮಗೇ ಹೇಳುತ್ತಾರೆ. ಹೊಡೆಯುವವರಿಗೆ ಯಾರು ಹೇಳಬೇಕು?’

ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋದರೆ ಇಷ್ಟು ಹೊತ್ತು ಹೇಳಿದುದೆಲ್ಲ ಬರಿಯ ಬೂದಿ ಮುಚ್ಚುವ ಕೆಲಸವಾದೀತು. ದುರ್ಬಲನ ಬಾಯಿ ಮುಚ್ಚಿಸುವುದಕ್ಕೆ ಶಾಂತಿಯೆಂಬ ಹೆಸರು ಸಲ್ಲದು. ಮನೆಯ ಮಾನ ಹೋಗಬಾರದೆಂದು ಪೆಟ್ಟು ತಿಂದ ಹೆಣ್ಣುಮಗಳಿಗೆ ಸುಮ್ಮನಿರೆಂದು ಹೇಳುವವರು ಹಲ್ಲಿರುವ ಹಾವನ್ನು ಅವಳ ಮಡಿಲಿಗೆ ಹಾಕಿದಂತಾಯಿತು. ಕಳೆಯಬೇಕಾದುದು ಹಾವಿನ ಹಲ್ಲನ್ನು, ಕಚ್ಚಿಸಿಕೊಂಡವಳ ನಾಲಗೆಯನ್ನಲ್ಲ. ಅಂತಹವರ ರಕ್ಷಣೆಗೆ 2005ರ ಕೌಟುಂಬಿಕ ಹಿಂಸೆಯ ವಿರುದ್ಧದ ಕಾಯಿದೆಯೂ ಇದೆ. ಅದರ ನೆರವನ್ನು ಪಡೆಯುವುದು ಶರಣಧರ್ಮಕ್ಕೆ ಕುಂದಲ್ಲ. ಹಿರಿಯರು ಮೊದಲು ಹೋಗಬೇಕಾದುದು ಹೊಡೆದವನ ಬಳಿಗೆ.

12ನೆಯ ಶತಮಾನದ ಕಲ್ಯಾಣವು ಇದಕ್ಕೆ ನಿದರ್ಶನ. ಸಂಪ್ರದಾಯವು ಹೇಳುವಂತೆ, ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಯಿಂದ ಕಲ್ಯಾಣದಲ್ಲಿ ಕೋಲಾಹಲವೆದ್ದಿತು. ಬಿಜ್ಜಳನು ಆ ಇಬ್ಬರು ತಂದೆಯರಿಗೆ ಘೋರವಾದ ಶಿಕ್ಷೆ ವಿಧಿಸಿದನು. ರಾಜನ ಕೋಪ ಇಳಿಯಲೆಂದು ಆ ಮದುವೆಯನ್ನು ತಪ್ಪೆಂದುಬಿಟ್ಟಿದ್ದರೆ ಬಿಗುವು ಸಡಿಲುತ್ತಿತ್ತೇನೊ. ಬಸವಣ್ಣನವರು ಹಾಗೆ ಹೇಳಲಿಲ್ಲ. ಶರಣರ ಸಮಾನತೆಯನ್ನು ಕೊಟ್ಟು ಶಾಂತಿಯನ್ನು ಕೊಳ್ಳಲಿಲ್ಲ. ಅಧಿಕಾರವನ್ನು ತೊರೆದು ಕೂಡಲಸಂಗಮಕ್ಕೆ ನಡೆದರು. ಸತ್ಯವನ್ನು ಬಿಡದೆ, ದ್ವೇಷವನ್ನೂ ಹಿಡಿಯದೆ ನಡೆದ ದಾರಿ ಅದು.

ಎಲ್ಲ ಬೆಂಕಿಯನ್ನೂ ನಂದಿಸಬೇಕೆಂದು ನಮ್ಮ ಭಾಷೆಯೂ ಹೇಳುವುದಿಲ್ಲ. ನಂದದೆ ಉರಿಯುವ ದೀಪಕ್ಕೆ ನಂದಾದೀಪವೆಂದು ಹೆಸರಿಟ್ಟು ಅದನ್ನು ದೇವರ ಮುಂದೆ ಇಡುತ್ತೇವೆ. ಊರನ್ನು ಸುಡುವ ಬೆಂಕ��ಯೂ ಗರ್ಭಗುಡಿಯನ್ನು ಬೆಳಗುವ ಬೆಂಕಿಯೂ ಒಂದೇ ಜಾತಿಯವು. ಅನ್ಯಾಯವನ್ನು ಕಂಡಾಗ ಎದೆಯಲ್ಲಿ ಏಳುವ ಕಾವನ್ನು ಹಣತೆಯಲ್ಲಿಟ್ಟು ಬತ್ತಿಗೆ ಮುಟ್ಟಿಸಿದರೆ ಅದು ಬೆಳಕು. ಅದು ಯಾರನ್ನು ಸುಡಬೇಕೆಂದು ಹುಡುಕುವುದಿಲ್ಲ. ಏನು ನಡೆದಿದೆ ಎಂಬುದನ್ನು ತೋರಿಸುತ್ತದೆ.

ಅಕ್ಕನು ಹೇಳುವ ಸಮಾಧಾನವೂ ಈ ಬಗೆಯದು. ಬೆಟ್ಟದಲ್ಲಿ ಮನೆ ಮಾಡಿದವನು ಮೃಗಗಳಿಗೆ, ಕಡಲ ತಡಿಯಲ್ಲಿ ಮನೆ ಮಾಡಿದವನು ತೆರೆಗಳಿಗೆ, ಸಂತೆಯಲ್ಲಿ ಮನೆ ಮಾಡಿದವನು ಗದ್ದಲಕ್ಕೆ ಅಂಜಿದರೆ ಹೇಗೆಂದು ಕೇಳಿ, ಹೊಗಳಿಕೆ ತೆಗಳಿಕೆಗಳ ನಡುವೆ ಕೋಪವಿಲ್ಲದೆ ಸಮಾಧಾನಿಯಾಗಿರಬೇಕೆಂದು ಅವರು ಹೇಳುತ್ತಾರೆ. ಹೇಳಿದವರು ಯಾರೆಂಬುದನ್ನು ನೆನೆಯಿರಿ. ತನಗೆ ಒಪ್ಪಿಗೆಯಾಗದ ಅರಮನೆಯನ್ನು ಬಿಟ್ಟು ಒಬ್ಬಳೇ ಹೊರನಡೆದ ಹೆಣ್ಣುಮಗಳ ಸಮಾಧಾನವದು, ಹೆದರಿ ಕುಳಿತವಳದಲ್ಲ.

7. ಪ್ರಸಾದವೆಂಬ ಶಬ್ದ

ಕೊನೆಯದಾಗಿ ನಮ್ಮ ಧರ್ಮದ ಒಂದು ಮಹಾಶಬ್ದವನ್ನು ನೋಡಿ ಈ ಪಾಠವನ್ನು ಮುಗಿಸೋಣ. ಊರಿನಲ್ಲಿ ಗಲಭೆಯಾಗಿ ನಿಂತರೆ, ಪರಿಸ್ಥಿತಿ ತಿಳಿಯಾಯಿತು ಎಂದು ಪತ್ರಿಕೆಗಳು ಬರೆಯುತ್ತವೆ. ಕನ್ನಡದಲ್ಲಿ ತಿಳಿ ಎಂದರೆ ಸ್ವಚ್ಛವಾಗುವುದೂ ಹೌದು, ಅರಿಯುವುದೂ ಹೌದು. ತಿಳಿನೀರು, ತಿಳಿವಳಿಕೆ ಎರಡಕ್ಕೂ ಮೂಲ ಒಂದೇ. ಸಂಸ್ಕೃತದ ಪ್ರಸಾದ, ಪ್ರಸನ್ನ ಎಂಬ ಶಬ್ದಗಳಿಗೂ ಮೊದಲ ಅರ್ಥ ಇದೇ. ಕೆಸರು ತಳಕ್ಕೆ ಕುಳಿತು ನೀರು ತಿಳಿಯಾಗುವುದೇ ಪ್ರಸನ್ನತೆ. ಅದೇ ಮುಖದಲ್ಲಿ ತೋರಿದರೆ ಪ್ರಸನ್ನವದನ. ಅದೇ ಕೃಪೆಯಾಗಿ ಹರಿದರೆ ಪ್ರಸಾದ. ಆದುದರಿಂದ ಕದಡಿದ ಮನಸ್ಸಿನಿಂದ ಪಂಕ್ತಿಯಲ್ಲಿ ಕುಳಿತವನು ಅನ್ನವನ್ನು ಉಂಡಾನು. ಪ್ರಸಾದವನ್ನು ಪಡೆದನೆಂದು ಹೇಳಲಾಗದು.

ಕೆಸರುನೀರನ್ನು ತಿಳಿಮಾಡಲು ಹಿಂದಿನವರು ಚಿಲ್ಲದ ಬೀಜವನ್ನು ಗಡಿಗೆಯ ಒಳಮೈಗೆ ತೇಯುತ್ತಿದ್ದರು. ಸಂಸ್ಕೃತದಲ್ಲಿ ಇದಕ್ಕೆ ಕತಕವೆಂದು ಹೆಸರು. ಕತಕದ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂಬ ಎಚ್ಚರಿಕೆ ಪ್ರಾಚೀನರಿಂದಲೇ ಬಂದಿದೆ. ಶಾಂತಿ, ಶಮನ, ಸಮಾಧಾನ ಎಂಬ ಶಬ್ದಗಳನ್ನು ನಾವು ಇಷ್ಟು ಹೊತ್ತು ವಿಚಾರಿಸಿದೆವು; ಶಬ್ದಗಳನ್ನು ಬಲ್ಲ ಮಾತ್ರಕ್ಕೆ ಮನೆ ತಿಳಿಯಾಗದು. ಬೀಜವನ್ನು ತೇಯಬೇಕು. ಅದಕ್ಕಾಗಿ ಸದ್ಭಕ್ತರು ಈ ಒಂದು ತಿಂಗಳ ಮಟ್ಟಿಗೆ ಮೂರು ನೇಮಗಳನ್ನು ಹಿಡಿಯಲಿ.

ಮೊದಲನೆಯದು: ಮನೆಯಲ್ಲಿ ಬಿರುಸು ಹುಟ್ಟಿದಾಗ, ಇದು ಕಾವೋ, ಕದಡೋ, ಬಿಗುವೋ, ಆರದ ಹುಣ್ಣೋ ಎಂದು ತನ್ನನ್ನು ತಾನು ಕೇಳಿಕೊಂಡ ಮೇಲೆಯೇ ಮಾತನಾಡುವುದು.

ಎರಡನೆಯದು: ಕೇಳಿದ ದೂರಿಗೆ ಅಂದೇ ಉತ್ತರ ಕೊಡದೆ, ಒಂದು ಲಿಂಗಪೂಜೆ ಕಳೆಯುವ ತನಕ ಕಂಠದಲ್ಲಿ ನಿಲ್ಲಿಸುವುದು. ಯಾರ ಮೈಗಾದರೂ ಪ್ರಾಣಕ್ಕಾದರೂ ಕೇಡು ಇರುವಲ್ಲಿ ಮಾತ್ರ ಕ್ಷಣವೂ ತಡಮಾಡಬಾರದು.

ಮೂರನೆಯದು: ಮಾತು ಬಿಟ್ಟವರು ಒಬ್ಬರಾದರೂ ಇದ್ದರೆ, ಅವರ ಮನೆಗೆ ತಾನೇ ಮೊದಲು ನಡೆದುಹೋಗಿ, ‘ಹದುಳವಿರುವಿರಾ?’ ಎಂದು ಕೇಳುವುದು. ಬಂದವರನ್ನು ಕುಶಲ ಕೇಳಿ ಕುಳ್ಳಿರಿಸುವುದರಿಂದ ಕೈಯಲ್ಲಿರುವುದೇನೂ ಹೋಗುವುದಿಲ್ಲವೆಂದು ಬಸವಣ್ಣನವರು ಕಲಿಸಿದ ಪಾಠವನ್ನು, ನಾವಾಗಿ ಹೋಗಿ ಕೇಳುವುದಕ್ಕೂ ಹಚ್ಚಿಕೊಳ್ಳಬೇಕು.

ಈ ಮೂರನ್ನು ಆಚರಿಸಿದವರ ಹಣೆಯ ಬೂದಿಯು ನಿಜವಾದ ವಿಭೂತಿಯಾಗುವುದು, ಅವರ ಮನೆಯ ಅನ್ನವು ನಿಜವಾದ ಪ್ರಸಾದವಾಗುವುದು.